ಎಡಗಿವಿ

ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ
ಕಾಲು ಮುರಿದ ಕನ್ನಡಕಗಳ ನಡುವೆ ಬಿದ್ದಿತ್ತು,
ಬೆಂಕಿಪೊಟ್ಟಣದಷ್ಟು ಉದ್ದ, ಅದರ ಅರ್ಧ ದಪ್ಪ.
ಹೇಳಿದ್ದು ನಾಲ್ಕು ಸಾವಿರ ಪೆಸೊ, ಕೊಟ್ಟಿದ್ದು ಎರಡೂವರೆ.
ಒಳಗೆ ಯಾರದೋ ಇನ್ನೂರ ಹನ್ನೆರಡು ಹಾಡು.
ಅಳಿಸಿಕೊಡಲಾ ಎಂದ ಮಾರುವವ.
ಇರಲಿ ಬಿಡು ಎಂದೆ. ಬಾಡಿಗೆಗೆ ಬಂದವಳು
ಗೋಡೆಯ ಹಳೆ ಮೊಳೆಗಳನ್ನೆಲ್ಲ ಕೀಳುತ್ತಾಳೆಯೇ?

ನಾನು ಎದುವಿಹಿಸ್. ವಾಲ್ಪರೈಸೊದ ಒಂದು ಗುಡ್ಡದ ನೆತ್ತಿಯಲ್ಲಿ
ಉಕ್ಕಿನ ಹಗ್ಗದ ಗಾಡಿ ನಡೆಸುವವಳು.
ಎರಡು ಡಬ್ಬಿ; ಒಂದು ಏರಬೇಕಾದರೆ
ಇನ್ನೊಂದು ಇಳಿಯಲೇಬೇಕು.
ಹತ್ತೊಂಬತ್ತು ವರ್ಷದಿಂದ ಕಡಲು ಇದೇ ಕಿಟಕಿಯಲ್ಲಿ ಅಲ್ಲೇ ಇದೆ,
ನಾನೂ.

ಮೊದಲ ವಾರವೇ ಕಡಲು ಕದಲಿತು.
ಅಕಾರ್ಡಿಯನ್ ಉಸಿರೆಳೆದಾಗ
ಬಂದರಿನ ಕ್ರೇನು ತಾಳ ತಪ್ಪದೆ ಕತ್ತು ತಿರುಗಿಸಿತು,
ಮಂಜಿನೊಳಗಿಂದ ಹಡಗೊಂದು ಸರಿಯಾಗಿ
ಪಲ್ಲವಿಗೆ ಬಂದು ನಿಂತಿತು.
ಇನ್ನು ಟಿಕೆಟ್ ಹರಿಯುವ ನಿಬಾಲ್ದೊ,
ಅವನ ಕಿಡ್ನಿ ಕಲ್ಲಿನ ಕತೆ ಕಲ್ಲಿಗಿಂತ ದೊಡ್ಡದು,
ಈಗ ತೊಟ್ಟಿಯ ಮೀನು; ಬಾಯಿ ಆಡುತ್ತದೆ, ಅಷ್ಟೆ.
ಎರಡೂವರೆ ಸಾವಿರಕ್ಕೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಹಗ್ಗಕ್ಕೂ ಮಾತಿದೆ.
ಗ್ರೀಸು ಕುಡಿದಿದ್ದರೆ ಹೂಂಗುಡುತ್ತದೆ,
ಒಣಗಿದ್ದರೆ ಹಲ್ಲು ಕಡಿಯುತ್ತದೆ,
ಎಳೆಯೊಂದು ಹರಿಯುವ ಮುನ್ನ
ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಒಂದೇ ಒಂದು ಸದ್ದು.
ಕಣ್ಣು ಮುಚ್ಚಿದರೂ ಸರಿ, ಕಿವಿ ಮುಚ್ಚಬೇಡ ಎಂದಿದ್ದ
ಮುದುಕ ಮೆಕ್ಯಾನಿಕ್ ರೆಂಬೆರ್ತೊ, ಕೀಲಿಕೈ ಒಪ್ಪಿಸಿ ಹೋಗುವಾಗ.
ಹಾಗಾಗಿ ಬಲಗಿವಿ ಹಗ್ಗಕ್ಕೆ,
ಎಡಗಿವಿ ನನಗೆ.
ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡ್ತೀಯಾ ಅಂತ
ಅಮ್ಮ ಬೈಯುತ್ತಿದ್ದಳಲ್ಲ,
ಕೊನೆಗೆ ಅದೇ ನನ್ನ ನೌಕರಿಯ ನಿಯಮವಾಯಿತು.

ಮೂವತ್ತೊಂದನೆಯ ಹಾಡು ನನಗೆ ಬಲು ಇಷ್ಟ.
ಒಣ ಬುರುಡೆಯೊಳಗೆ ಬೀಜ ಅಲುಗಿಸುವ ಸದ್ದು,
ನಡುನಡುವೆ ಯಾರೋ ಉಸಿರು ಬಿಡುವುದು,
ಬೇರೇನೂ ಇಲ್ಲ.
ಎಷ್ಟು ಧೈರ್ಯ, ಮಾತೇ ಇಲ್ಲದ ಹಾಡು ಎಂದುಕೊಂಡಿದ್ದೆ ಏಳು ತಿಂಗಳು.
ಒಂದು ರಾತ್ರಿ ಮನೆಯಲ್ಲಿ, ನಿದ್ದೆ ಬಾರದೆ,
ಎರಡೂ ಕಿವಿಗೆ ಸಿಕ್ಕಿಸಿಕೊಂಡರೆ
ಹೆಂಗಸೊಬ್ಬಳು ಹಾಡುತ್ತಿದ್ದಾಳೆ!
ಬಲಗಡೆ ನಿಂತು, ಮೊದಲಿನಿಂದ ಕೊನೆಯವರೆಗೆ,
ಏಳು ತಿಂಗಳಿಂದ, ನನಗೇ.

ಇಷ್ಟು ತಿಳಿದ ಮೇಲಾದರೂ ಬುದ್ಧಿ ಬರಬೇಕಿತ್ತು.
ಒನೋಫ್ರೆ, ಬ್ರಷ್ಷು ಮಾರುವ ಕುರುಡ,
ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಎಡಬಾಗಿಲಿನಿಂದ ಬಂದು
ನಮಸ್ಕಾರ ಹೇಳಿಯೇ ಡಬ್ಬಿ ಹತ್ತುವವ.
ಎಷ್ಟು ದಿನ ಉತ್ತರ ಕೊಟ್ಟಿರಲಿಲ್ಲವೋ.
ಒಂದು ಹಾಡು ಮುಗಿದು ಇನ್ನೊಂದು ಹುಟ್ಟುವ ಮುನ್ನ,
ಆ ಎರಡು ಸೆಕೆಂಡಿನ ಸಂದಿಯಲ್ಲಿ ಕೇಳಿಸಿತು,
ಅವನು ಪಕ್ಕದವರನ್ನು ಕೇಳುತ್ತಿದ್ದ:
‘ಆ ಹೆಂಗಸು ತೀರಿಕೊಂಡಳಂತಾ?
ಒಬ್ಬರಾದರೂ ಹೇಳಬಾರದೇ ನನಗೆ?’

‘ಇದ್ದೀನಿ!’ ಎಂದು ಕೂಗಿದೆ,
ಕಿವಿಯಲ್ಲಿ ಹಾಡಿರುವವರು ಕೂಗುವ ಹಾಗೆ,
ಮೆಟ್ಟಿಲ ಮೇಲಿನ ಬೆಕ್ಕೂ ಎದ್ದು ಓಡುವಷ್ಟು.
‘ಮೆಲ್ಲಗೆ ತಾಯಿ,’ ಎಂದ ಒನೋಫ್ರೆ,
‘ನಾನು ಕುರುಡ. ಕಿವುಡನಲ್ಲ.’

ಗುರುವಾರದಿಂದ ಬ್ಯಾಟರಿ ಸತ್ತಿದೆ.
ಚಾರ್ಜು ಹಿಡಿಯುವುದಿಲ್ಲ, ಒತ್ತಿದರೆ ಒಮ್ಮೆ ಕಣ್ಣು ಬಿಟ್ಟು ಮಲಗುತ್ತದೆ.
ಆದರೂ ತಂತಿ ಕಿವಿಯಲ್ಲೇ ಇದೆ,
ನಿಬಾಲ್ದೊಗಾಗಿ. ಅವನ ಕಿವಿಗೆ ನಾನಿಟ್ಟ ಹೂವು.

ನಿನ್ನೆ ಕೊನೆಯ ಸವಾರಿಯ ನಂತರ
ಅವನು ಚಿಲ್ಲರೆ ಎಣಿಸುತ್ತ ಕೂತಿದ್ದ, ನನ್ನ ತಂತಿ ನೋಡಿದ,
ಮತ್ತೆ ಮೆಲ್ಲನೆ ಶುರುಮಾಡಿದ. ಕಲ್ಲಿನ ಕತೆಯಲ್ಲ.
ಈ ಚಳಿಗಾಲಕ್ಕೆ ಗಾಡಿ ನಿಲ್ಲಿಸುತ್ತಾರಂತೆ,
ಮಗಳಿಗೆ ಇನ್ನೂ ಹೇಳಿಲ್ಲವಂತೆ,
ರಾತ್ರಿ ಹಾಸಿಗೆಯಲ್ಲಿ ಕೂತು
ಇಲ್ಲದ ಟಿಕೆಟ್ಟು ಹರಿಯುತ್ತದಂತೆ ಅವನ ಕೈ.
ನನಗೆ ಕೇಳಿಸುವುದಿಲ್ಲ ಎಂಬ ನಂಬಿಕೆಯಲ್ಲಿ
ಎಲ್ಲ ಹೇಳಿದ.

ಕಿಟಕಿಯಾಚೆ ನೋಡುತ್ತ
ನಾನು ತಲೆದೂಗಿದೆ,
ತಾಳಕ್ಕೆ ಎಂಬಂತೆ.