ಉಪ್ಪಿನ ಲೆಕ್ಕ

ಬೆಳಗಿನ ಪಾಳಿ, ಸಾಯನ್ನಿನ ಆಸ್ಪತ್ರೆ, ಹನ್ನೊಂದು ಕುರ್ಚಿ.
ಬೇರೆಯವರ ರಕ್ತದ ಉಪ್ಪು ನೋಡುವುದು ನನ್ನ ಕೆಲಸ.
ಸಂಜೆ ಕಾಂಜೂರಿನ ಆರನೇ ಮಹಡಿ,
ಚೀಲ ಇಳಿಸುವ ಮುಂಚೆಯೇ
ಮೂರಡಿ ಗಾಜಿನ ತೊಟ್ಟಿಯ ಉಪ್ಪು:
ಒಂದು ಪಾಯಿಂಟ್ ಸೊನ್ನೆ ಎರಡು ಐದು.
ಒಂದು ಗೆರೆ ಆಚೆ ಹೋಗಬಾರದು, ಈಚೆಯೂ.

ಅಮ್ಮ ಫೋನಿನಲ್ಲಿ ನಗುತ್ತಾಳೆ.
ಮೊಗವೀರರ ಮನೆಯಲ್ಲಿ ಹುಟ್ಟಿ
ಕಡಲನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೀಯಲ್ಲ ವಾರಿಜಾ!
ಏನು ಮಾಡಲಿ, ಇಲ್ಲಿಯ ಕಡಲು ಕೈ ಅದ್ದುವ ಹಾಗಿಲ್ಲ.
ಉಪ್ಪು ಚೀಲದಲ್ಲಿ ಬರುತ್ತದೆ, ನೀರು ಫಿಲ್ಟರಿನಿಂದ,
ಬಕೆಟ್ಟಿನಲ್ಲಿ ಕದಡಿ ಒಂದು ರಾತ್ರಿ
ಗುಳುಗುಳು ಅನ್ನಿಸಿದರೆ ಸರಿ, ಕಡಲು.

ಮೊದಲ ಆರು ವಾರ ಮೀನೇ ಇಲ್ಲ.
ಕಲ್ಲು, ಮರಳು, ನೀಲಿ ದೀಪ.
ಪಕ್ಕದ ಮನೆಯ ಹುಡುಗ ಮೂಗು ಒತ್ತಿ ನೋಡಿ
'ಎಲ್ಲಾ ಸತ್ತುಹೋದವಾ?' ಅಂದ.
ಇಲ್ಲ ಮಾರಾಯ, ಕಣ್ಣಿಗೆ ಕಾಣದವು ಮೊದಲು ಬಂದು
ಒಕ್ಕಲಾಗಬೇಕು. ಕೊಳೆ ತಿನ್ನುವವು.
ಅವು ನೆಲೆಯೂರದೆ ಬಣ್ಣದವರು ಬದುಕುವುದಿಲ್ಲ.

ಇದನ್ನು ಕಲಿತದ್ದು ಒಂದು ಹಳದಿ ಮೀನಿನ ಲೆಕ್ಕದಲ್ಲಿ.
ಕೇಳದೆ, ಕಾಯದೆ, ನಿಂಬೆಹೋಳಿನಂಥ ಅದರ ಮೈಗೆ ಮರುಳಾಗಿ
ತಂದೆ. ನಾಲ್ಕನೇ ದಿನ ಪಂಪಿನ ಬಾಯಿಗೆ ಅಂಟಿಕೊಂಡಿತ್ತು.
ಹತ್ತು ದಿನದ ಸಂಬಳ.
ಅದಕ್ಕಿಂತ, ಅದರ ಕಣ್ಣು.

ಆಮೇಲೆ ಕುರ್ಲಾದ ನಿಸಾರ್ ಭಾಯಿಯ ಅಂಗಡಿಯಲ್ಲಿ
ಸ್ಟೂಲು ಹಾಕಿ ಕೂರಲು ಕಲಿತೆ.
ಹೊಟ್ಟೆ ಒಳಗೆ ಹೋಗಿದೆಯಾ, ಕಿವಿರು ನಿಮಿಷಕ್ಕೆ ಎಷ್ಟು ಸಲ.
ನನ್ನ ಮುಂದೆ ತಿನ್ನಿಸಿ ತೋರಿಸಿ, ಆಮೇಲೆ ರೇಟು.
ನೀಲಿ ಡ್ಯಾಮ್ಸೆಲ್ ಅಗ್ಗ, ಆದರೆ ಬೇಡ ಅಂದರು ಅವರೇ:
ಬಾಡಿಗೆಗೆ ಬಂದು ಮನೆಯೇ ತನ್ನದೆನ್ನುವ ಜಾತಿ.

ಕೊನೆಗೆ ತಂದದ್ದು ಒಂದು ಗೋಬಿ.
(ಅಮ್ಮ ಮತ್ತೆ ನಕ್ಕಳು. ಮಂಚೂರಿಯಲ್ಲ ಅಮ್ಮ, ಮೀನು.)
ಜೊತೆಗೊಂದು ಸಿಗಡಿ, ಅರೆಗುರುಡು.
ಸಿಗಡಿ ಹಗಲೆಲ್ಲ ಬಿಲ ತೋಡುತ್ತದೆ,
ಮರಳು ಹೊತ್ತು ಹೊರಗೆ ಬಂದಾಗ
ಒಂದು ಮೀಸೆ ಮೀನಿನ ಮೈಮೇಲೆ ಇಟ್ಟೇ ಇರುತ್ತದೆ.
ಮೀನು ಬಾಲ ಅಲುಗಿಸಿತೋ, ಎರಡೂ ಒಳಗೆ.

ಮಂಗಳವಾರ, ಗುರುವಾರ, ಶನಿವಾರ
ಏಳನೇ ಕುರ್ಚಿ ಕೊಚರೇಕರ್ ಮಾಮಾದು.
ಬೆಸ್ಟ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರು.
ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಆಮೇಲೆ ಕಿಡ್ನಿ.
ಹೆಂಡತಿ ಸುಲಭಾತಾಯಿಯ ಹೆಗಲ ಮೇಲೆ ಕೈಯಿಟ್ಟು ಬರುತ್ತಾರೆ,
ದಿನಕ್ಕೆ ಮುಕ್ಕಾಲು ಲೀಟರು ನೀರು, ಸಾರು ಚಹಾ ಎಲ್ಲ ಸೇರಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಗಾದೆ ಕಟ್ಟಿದವರು ಈ ಕುರ್ಚಿಯಲ್ಲಿ ಕೂತಿರಲಿಲ್ಲ.

ಕಡಲ ಮೀನು ದಿನವಿಡೀ ಕುಡಿಯುತ್ತಲೇ ಇರುತ್ತದೆ,
ಉಪ್ಪನ್ನು ಕಿವಿರಿನಿಂದ ಆಚೆ ಹಾಕುತ್ತದೆ
ಎಂದು ಯಾವಾಗಲೋ ಬಾಯಿ ತಪ್ಪಿ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದರು.
'ನಸೀಬವಾನ್,' ಅಂದರು.

ಇನ್ನೊಂದು ದಿನ ಫೋನಿನಲ್ಲಿ ಹಿಡಿದು ತಂದದ್ದು ಕೇಳಿಸಿದೆ:
ಸಿಗಡಿ ಚಿಮ್ಮಟ ಸಿಡಿಸುವ ಸದ್ದು.
ಟಿಕ್. ಟಿಕ್ ಟಿಕ್.
ಮಾಮಾನ ಸೂಜಿಯಿಲ್ಲದ ಕೈ ಹೊದಿಕೆಯ ಮೇಲೆ
ತಾನಾಗಿ ಒತ್ತತೊಡಗಿತು, ತಿಕೀಟಿನ ಪಂಚು ಒತ್ತಿದ ಹಾಗೆ,
'ಚಲಾ, ಪುಢೇ ಚಲಾ,' ಎಂದು ಇಡೀ ವಾರ್ಡಿಗೆ.
ಹನ್ನೊಂದು ಕುರ್ಚಿಯೂ ನಕ್ಕವು.

ಹೊರಡುವಾಗ ಸುಲಭಾತಾಯಿ ಬಾಗಿಲ ಬಳಿ ಕೇಳಿದರು:
ತೋಡುವವನು ಮೊದಲು ಹೋದರೆ
ಕಾಯುವವಳು ಏನು ಮಾಡುತ್ತಾಳೆ?
ನಿಸಾರ್ ಭಾಯಿಯನ್ನು ಕೇಳಿ ಹೇಳುತ್ತೇನೆ ಅಂದೆ.
ಕೇಳಿಲ್ಲ, ಇನ್ನೂ.

ಇವತ್ತು ತೊಟ್ಟಿಯಲ್ಲಿ ನೀರು ಒಂದು ಬೆರಳು ಇಳಿದಿದೆ.
ಹೊಸಬರು ತಪ್ಪುವುದು ಇಲ್ಲೇ, ಉಪ್ಪುನೀರು ಸುರಿದುಬಿಡುತ್ತಾರೆ.
ಆರುವುದು ನೀರು ಮಾತ್ರ.
ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ.
ಚೊಂಬಿನಲ್ಲಿ ಸಪ್ಪೆ ನೀರು ಹಿಡಿದು
ಅಂಚಿನಿಂದ ಎಳೆಯಾಗಿ ಬಿಡುತ್ತೇನೆ, ಅವಕ್ಕೆ ಗೊತ್ತಾಗದ ಹಾಗೆ.

ಗೊತ್ತಾಗುತ್ತದೆ.
ಬಾಲ ಅಲುಗಿತು, ಬಿಲ ಬರಿದು.
ಕೈ ಹಿಂದಕ್ಕೆ ತೆಗೆದು, ಉಸಿರು ಹಿಡಿದು ನಿಂತಿದ್ದೇನೆ.
ಮೊದಲು ಮೀನಿನ ಮೂತಿ.
ಅದರ ಬೆನ್ನ ಮೇಲೆ, ಆಮೇಲೆ, ಆ ಮೀಸೆ.