ಒಂದೇ ಗೆರೆ

ಉಂಗುರ ತೆಗಿ ಯಾಡಿಯೆಲ್, ಕೈಗಡಿಯಾರವನ್ನೂ.
ತಲೆಗೊಂದು ಜಾಲರಿ, ಆ ನಾಲ್ಕೆಳೆ ಗಡ್ಡಕ್ಕೂ ಒಂದು.
ಮನಾತಿಯ ಕಪ್ಪೆಗಳ ಕೂಗು
ಎರಡನೆಯ ಬಾಗಿಲಿನವರೆಗೆ ಮಾತ್ರ.
ಮೂರನೆಯದರಲ್ಲಿ ಗಾಳಿಯೇ ಬೆನ್ನು ಹಿಡಿದು ಒಳಗೆ ತಳ್ಳುತ್ತದೆ,
ಪುಡಿ ಹೊರಗೆ ಕಾಲಿಡದಂತೆ.

ಇದು ಹೃದಯದ ಮಾತ್ರೆ.
ಇನ್ನೂರು ಮಿಲಿಗ್ರಾಂ ತೂಗುತ್ತದೆ,
ಅದರಲ್ಲಿ ಮದ್ದು ಅನ್ನುವುದು ಕಾಲು ಮಿಲಿಗ್ರಾಂ.
ಮಿಕ್ಕಿದ್ದು ಹಾಲಿನ ಸಕ್ಕರೆ, ಮೆಕ್ಕೆಜೋಳದ ಹಿಟ್ಟು.
ಹೆಣ ಹೊರಲು ನಾಲ್ವರು ಸಾಕು,
ಜೀವ ಹೊರಲು ನೋಡು
ಒಂದು ಪಾಲಿಗೆ ಏಳುನೂರ ತೊಂಬತ್ತೊಂಬತ್ತು.

ಗಂಜಿ ಬಿದ್ದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿ.
ಉಂಡೆಯಾಗಬೇಕು, ಹೆಬ್ಬೆರಳಿಗೆ ಮುರಿಯಬೇಕು,
ಕೈಗವಸಿಗೆ ಅಂಟಬಾರದು.
ಮೀಟರು ಇದೆ, ಇಲ್ಲವೆನ್ನಲಿಲ್ಲ.
ಮೀಟರಿಗಿಂತ ಮೊದಲು ಡೋನ್ಯ ಫ್ಲೋರಿಪೆ ಇದ್ದಳು,
ಒಂದು ಸಲ ಹಿಸುಕಿ
'ಇನ್ನೂ ಬಾಯಾರಿದೆ' ಅನ್ನುತ್ತಿದ್ದಳು.
ಮೀಟರೂ ಈಗ ಅದನ್ನೇ ಹೇಳುತ್ತದೆ, ಅಂಕಿಯಲ್ಲಿ.

ಒಣಗಿಸು, ಜರಡಿ ಹಿಡಿ, ಬೆರೆಸು.
ಅಚ್ಚಿಗೆ ಅಂಟದಿರಲೆಂದು ಹಾಕುವ ಜಾರುಪುಡಿ
ಕೊಟ್ಟಕೊನೆಗೆ, ಮೂರೇ ನಿಮಿಷ.
ಆರು ನಿಮಿಷ ತಿರುಗಿತೋ,
ಮಾತ್ರೆ ಹೊಳೆಯುತ್ತದೆ, ಕರಗುವುದಿಲ್ಲ.
ಅಂಥ ನುಣುಪಿನವರು ನಮ್ಮ ಆಫೀಸಿನಲ್ಲೂ ಇದ್ದಾರೆ,
ಮುಂದೆ ಗೊತ್ತಾಗುತ್ತದೆ.

ಅಗೋ, ಮೂವತ್ತೈದು ಜೋಡಿ ಅಚ್ಚು
ಸುತ್ತುತ್ತ ಸುತ್ತುತ್ತ ಗಂಟೆಗೆ ಲಕ್ಷ ಹೆರುತ್ತದೆ.
ಕಿವಿಗೆ ಹತ್ತಿ ಇಟ್ಟುಕೊಂಡರೂ
ಅದರ ಸದ್ದನ್ನು ಹಲ್ಲಿನಿಂದ ಕೇಳುವುದು ಕಲಿ.
ಅವಸರದಲ್ಲಿ ಒತ್ತಿದರೆ ಒಳಗೆ ಗಾಳಿ ಸಿಕ್ಕಿಕೊಂಡು
ಹೊರಗೆ ಬಂದ ಮೇಲೆ ನೆತ್ತಿ ಹಾರುತ್ತದೆ,
ಸದ್ದಿಲ್ಲದೆ, ಡಬ್ಬಿಯ ಮುಚ್ಚಳದ ಹಾಗೆ.
ಆಗ ನಿಲ್ಲಿಸು. ಯಾರನ್ನೂ ಕೇಳಬೇಡ.

ಆಚೆ ಗಾಜಿನ ಆರು ಪಾತ್ರೆ,
ಮೂವತ್ತೇಳು ಡಿಗ್ರಿಯ ನೀರು, ತಿರುಗುವ ಹುಟ್ಟು.
ಹಸಿವಿಲ್ಲದ, ನೋವಿಲ್ಲದ ಆರು ಹೊಟ್ಟೆಗಳು.
ನಾವು ಮಾಡಿದ್ದನ್ನು ಮೊದಲು ನುಂಗುವವರು ಅವರೇ.

ಇನ್ನು ಈ ಪುಸ್ತಕ.
ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಬಿಳಿ ಬಣ್ಣ ಇಲ್ಲವೇ ಇಲ್ಲ.
ತಪ್ಪಿದರೆ ಅದರ ಮೇಲೆ ಒಂದೇ ಗೆರೆ,
ತಪ್ಪು ಕೆಳಗಿಂದ ಓದಲು ಬರಬೇಕು.
ಪಕ್ಕದಲ್ಲಿ ಸಹಿ, ತಾರೀಕು, ಕಾರಣ.

ನೋಡು, ಹಳೆಯ ಪ್ರತಿ, ನನ್ನ ಕೈಬರಹ.
ಮೂರು ನಲವತ್ತು, ಗೆರೆ, ನಾಲ್ಕು ಹತ್ತು.
ನೆರೇಯ್ಡಾ ಎಂದು ಸಹಿ.
ಚಂಡಮಾರುತದ ರಾತ್ರಿ ಅದು,
ಜನರೇಟರು ಕೆಮ್ಮುತ್ತಿತ್ತು,
ಗಾಜಿನಾಚೆ ಒಬ್ಬ ಹಲಗೆಯ ಮೇಲೆ ಬರೆದು ತೋರಿಸಿದ:
ನಿನ್ನ ಮನೆಯ ಚಾವಣಿ ಹೋಯಿತು, ಎಲ್ಲರೂ ಇದ್ದಾರೆ.
ನಾನು ಎಣಿಸುತ್ತಲೇ ಇದ್ದೆ,
ಎಷ್ಟರಿಂದ ಎಷ್ಟಕ್ಕೆ ಅಂತ ಮಾತ್ರ ತಿಳಿಯದು.

ಎರಡು ವರ್ಷದ ಮೇಲೆ ತಪಾಸಣೆಗೆ ಬಂದವಳು
ಈ ಗೆರೆಯ ಮೇಲೆ ಬೆರಳಿಟ್ಟು ಕೇಳಿದಳು:
'ಈ ಅರ್ಧ ಗಂಟೆ ಏನಾಯಿತು?'
ಕಾರಣದ ಕಲಮಿನಲ್ಲಿ ಜಾಗ ಒಂದೂವರೆ ಇಂಚು.
'ಬರೆಯುವಾಗ ತಪ್ಪಿದೆ' ಎಂದು ಬರೆದಿದ್ದೆ.
ಅದನ್ನೇ ಹೇಳಿದೆ.

ಸರಿ, ಕೈ ತೊಳೆದು ಬಾ.
ಮೊಣಕೈವರೆಗೆ.