ಯಾದಿರಾಳ ಅಂಗೈ

ಬರಾಂಕಿಯಾದ ನಮ್ಮ ಓಣಿಗೆ ಶನಿವಾರ ಬಂತೆಂದರೆ
ಎಲಿಯೆಸೆರ್ ಮಾಮ ಬೀರುವಿನೆತ್ತರದ ಸ್ಪೀಕರು
ಹೊರಗೆಳೆದಿಡುತ್ತಾನೆ. ಅದರ ಮೈಗೆ
ಅವನೇ ಬಳಿದ ಹಳದಿ ಹುಲಿ,
ಬಾಯಿದ್ದಲ್ಲಿ ತೂತು.

ಕಿಟಕಿಯ ಗಾಜು ಹಲ್ಲು ಕಟಕಟಿಸುತ್ತದೆ.
ಬಿಯರು ಬಾಟಲಿ ತಾನಾಗಿ ಮೇಜಿನಂಚಿಗೆ ತೆವಳುತ್ತದೆ.
ನಾನು ಕಿವಿ ಮುಚ್ಚಿ ಬೈಯುತ್ತೇನೆ.
ಅಕ್ಕ ಯಾದಿರಾ ಚಪ್ಪಲಿ ಬಿಟ್ಟು
ಹುಲಿಗೆ ಬೆನ್ನು ಆನಿಸಿ ನಿಲ್ಲುತ್ತಾಳೆ.
ಹುಟ್ಟಿದಾಗಿನಿಂದ ಕಿವಿ ಕೇಳದು.
ಅವಳಿಗೆ ಹಾಡು ಕೇಳಿಸುವುದು ಪಕ್ಕೆಲುಬಿನಲ್ಲಿ.

ಮೊದಲ ಸಂಬಳಕ್ಕೆ ಹೆಡ್‌ಫೋನು ಕೊಂಡೆ.
ಹಾಡುವವಳು ಉಸಿರೆಳೆದುಕೊಂಡದ್ದು,
ಅಕಾರ್ಡಿಯನ್ನಿನ ಗುಂಡಿ ಟಕ್ಕೆಂದದ್ದು,
ಎಲ್ಲ ನನ್ನೊಬ್ಬಳಿಗೇ!
ಅಕ್ಕನ ತಲೆಗೂ ತೊಡಿಸಿದೆ.
ಕನ್ನಡಿ ನೋಡಿಕೊಂಡಳು.
ಒಪ್ಪದ ಟೋಪಿಯೆಂಬಂತೆ ಮುಖ ಸಿಂಡರಿಸಿ
ವಾಪಸು ಕೊಟ್ಟಳು.

ನಿನ್ನೆ ಕರೆಂಟು ಹೋಗಿ
ಹುಲಿಯ ಬಾಯಿ ಕಟ್ಟಿತು.
ಕತ್ತಲಲ್ಲಿ ಹೆಡ್‌ಫೋನು ಹಾಕಿ ಮಲಗಿದ್ದೆ,
ಯಾರೋ ಕತ್ತು ಹಿಡಿದಂತಾಗಿ ಬೆಚ್ಚಿದೆ.
ಯಾದಿರಾ. ಅಂಗೈ ನನ್ನ ಗಂಟಲ ಮೇಲೆ.

ಆಗಲೇ ಗೊತ್ತಾದದ್ದು, ನಾನು ಹಾಡುತ್ತಿದ್ದೆ,
ನನಗೇ ಕೇಳದ ಹಾಗೆ, ಬಹುಶಃ ಶ್ರುತಿ ತಪ್ಪಿ.
ನಾಚಿ ನಿಲ್ಲಿಸಿದೆ.

ಅವಳ ಹೆಬ್ಬೆರಳು ಮೆಲ್ಲಗೆ ಒತ್ತಿತು,
ಗುಂಡಿ ಒತ್ತಿದ ಹಾಗೆ.